ನಿವೃತ್ತರಾಗುವ ಕೋಚ್ ಒಬ್ಬರ ವೃತ್ತಿಜೀವನವನ್ನು ಬರೆಯುವ ಬಗೆ

ನಮ್ಮ ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆಗಳಲ್ಲಿ ಮೂವತ್ತು ವರ್ಷ ಕಬಡ್ಡಿಯನ್ನೋ ವಾಲಿಬಾಲನ್ನೋ ಕಲಿಸಿದ ಮಾಸ್ತರರು ನಿವೃತ್ತರಾದಾಗ ಅಭಿನಂದನ ಸಂಚಿಕೆಗೆಂದು ಬರೆಯುವ ಲೇಖನವು ‘ಅವಿರತ ಸೇವೆ’, ‘ಅಪಾರ ಶಿಷ್ಯವರ್ಗ’ ಎಂಬ ಮಾತುಗಳಲ್ಲೇ ಮುಗಿದುಹೋಗುತ್ತದೆ. ಅವರು ಅಂಗಳದಲ್ಲಿ ನಿಂತು ಏನು ಮಾಡುತ್ತಿದ್ದರೆಂಬುದೇ ಅದರಲ್ಲಿ ಇರುವುದಿಲ್ಲ. ಇಂಥ ಬರಹಕ್ಕೆ ಕೂರುವವರು ಅಮೆರಿಕನ್ ಫುಟ್‌ಬಾಲ್‌ನ ಕಾಲೇಜು ಕೋಚ್ ಜಾನ್ ಗಲಾರ್ಡಿಯವರ ವೃತ್ತಿಜೀವನವನ್ನು ಮಾದರಿಯಾಗಿ ಎದುರಿಗಿಟ್ಟುಕೊಳ್ಳಬೇಕೆಂಬುದು ನನ್ನ ಸಲಹೆ.

ಮೊದಲು ಒಂದು ಹಾಳೆಯಲ್ಲಿ ಗೀಟೆಳೆದು ವರ್ಷ, ಸಂಸ್ಥೆ, ಆಡಿದ ಮಟ್ಟ ಎಂಬ ಮೂರು ಕಾಲಂಗಳನ್ನು ಮಾಡಿಕೊಳ್ಳಿ. ಗಲಾರ್ಡಿಯವರದಾದರೆ 1949ರಿಂದ 1952ರವರೆಗೆ ಮೊಂಟಾನಾದ ಕ್ಯಾರಲ್ ಕಾಲೇಜು, 1953ರಿಂದ 2012ರವರೆಗೆ ಮಿನ್ನೆಸೋಟಾದ ಸೇಂಟ್ ಜಾನ್ಸ್ ವಿಶ್ವವಿದ್ಯಾಲಯ, ಒಟ್ಟು 64 ಋತುಗಳು. ಮೂರನೆಯ ಕಾಲಂ ಅತಿ ಮುಖ್ಯವಾದುದು. ಅವರ ತಂಡ 1963 ಮತ್ತು 1965ರಲ್ಲಿ ಗೆದ್ದ ರಾಷ್ಟ್ರೀಯ ಪ್ರಶಸ್ತಿಗಳು ಎನ್‌ಎಐಎ ಎಂಬ ಕಾಲೇಜು ಕ್ರೀಡಾ ಸಂಘಟನೆಯವು; 1976 ಮತ್ತು 2003ರವು ಎನ್‌ಸಿಎಎ ಎಂಬ ಇನ್ನೊಂದು ಕಾಲೇಜು ಕ್ರೀಡಾ ಸಂಘಟನೆಯ ಮೂರನೆಯ ವಿಭಾಗದವು. ಕ್ರೀಡಾ ವಿದ್ಯಾರ್ಥಿವೇತನವನ್ನೇ ಕೊಡದ ಕಾಲೇಜುಗಳ ಆ ವಿಭಾಗದ ಗೆಲುವನ್ನು ಲಕ್ಷಾಂತರ ಪ್ರೇಕ್ಷಕರ ಮೊದಲ ವಿಭಾಗದ ಗೆಲುವಿನೊಡನೆ ಕಲಸಿ ಬರೆದರೆ ಓದುಗರನ್ನು ದಾರಿ ತಪ್ಪಿಸಿದಂತೆ.

ಕಾಸರಗೋಡಿನಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಕಾಸರಗೋಡು ಜಿಲ್ಲೆಯಾದದ್ದು 1984ರ ಮೇ ತಿಂಗಳಲ್ಲಿ. ಅದಕ್ಕೆ ಹಿಂದಿನ ‘ಜಿಲ್ಲಾ ಮಟ್ಟದ ಪ್ರಥಮ’ ಎಂದರೆ ಕಣ್ಣೂರು ಜಿಲ್ಲೆಯ ಪ್ರಥಮ. ಹಾಗೆಯೇ ಕಣ್ಣೂರು ವಿಶ್ವವಿದ್ಯಾಲಯ ಬಂದದ್ದು 1996ರಲ್ಲಿ. ಆದ್ದರಿಂದ ಅದಕ್ಕಿಂತ ಹಿಂದಿನ ಅಂತರ ಕಾಲೇಜು ಫಲಿತಾಂಶಗಳನ್ನು ಕಲ್ಲಿಕೋಟೆ ವಿಶ್ವವಿದ್ಯಾಲಯದ ದಾಖಲೆಗಳಲ್ಲಿ ಹುಡುಕಬೇಕಾಗುತ್ತದೆ. ನಾನು ಬರೆದ ಮೊದಲ ಲೇಖನದಲ್ಲಿ ಈ ಎರಡು ಕಾಲಗಳನ್ನು ಒಂದೇ ಪಟ್ಟಿಗೆ ಸೇರಿಸಿ, ಬರಬಾರದ ಕಡೆ ‘ಕಾಸರಗೋಡು ಜಿಲ್ಲಾ ಚಾಂಪಿಯನ್’ ಎಂದು ಬರೆದಿದ್ದೆ. ಆ ತಂಡದಲ್ಲಿ ಆಡಿದವರೊಬ್ಬರು ಸಮಾರಂಭದ ದಿನವೇ ಅದನ್ನು ತೋರಿಸಿಕೊಟ್ಟರು. ಅಷ್ಟರಲ್ಲಿ ಪ್ರತಿಗಳೆಲ್ಲ ಹಂಚಿಹೋಗಿದ್ದವು.

ಇನ್ನು ಲೆಕ್ಕ. ಗಲಾರ್ಡಿಯವರದು 489 ಗೆಲುವು, 138 ಸೋಲು, 11 ಸಮಬಲ. ಸಮಬಲವನ್ನು ಅರ್ಧ ಗೆಲುವೆಂದು ಹಿಡಿಯುವುದು ಅಲ್ಲಿನ ರೂಢಿಯಾದುದರಿಂದ 638 ಪಂದ್ಯಗಳಲ್ಲಿ 494.5, ಎಂದರೆ ಶೇಕಡಾ 77.5 ಎಂದಾಗುತ್ತದೆ. ನೀವು ಯಾವ ರೂಢಿಯನ್ನು ಹಿಡಿದಿರೋ ಅದನ್ನು ಒಂದು ವಾಕ್ಯದಲ್ಲಿ ಹೇಳಿಬಿಡಿ. ದಾಖಲೆಯನ್ನು ಮುರಿದರೆಂದು ಬರೆಯುವಾಗ ಯಾರ ದಾಖಲೆಯೆಂಬುದನ್ನೂ ಬರೆಯಿರಿ: 2003ರ ನವೆಂಬರಿನಲ್ಲಿ 409ನೆಯ ಗೆಲುವಿನೊಂದಿಗೆ ಅವರು ದಾಟಿದ್ದು ಗ್ರ್ಯಾಂಬ್ಲಿಂಗ್ ವಿಶ್ವವಿದ್ಯಾಲಯದ ಕೋಚ್ ಎಡ್ಡಿ ರಾಬಿನ್ಸನ್ ಅವರ 408ನ್ನು.

ಅಂಕಿಗಳಿಗೆ ಇಷ್ಟು ಸಾಕು. ಲೇಖನದ ಅರ್ಧಕ್ಕಿಂತ ಹೆಚ್ಚು ಜಾಗವನ್ನು ಅಭ್ಯಾಸದ ಅಂಗಳಕ್ಕೇ ಕೊಡಬೇಕೆಂದು ನಾನು ಒತ್ತಾಯದಿಂದ ಹೇಳುತ್ತೇನೆ, ಏಕೆಂದರೆ ಕೋಚ್ ಒಬ್ಬರು ನಿಜವಾಗಿ ಬದುಕಿದ್ದು ಅಲ್ಲಿಯೇ. ಗಲಾರ್ಡಿಯವರ ಅಂಗಳದಲ್ಲಿ ಸೀಟಿ ಇರಲಿಲ್ಲ. ಅಭ್ಯಾಸದಲ್ಲಿ ಯಾರನ್ನೂ ಟ್ಯಾಕಲ್ ಮಾಡಿ ಕೆಡವುವಂತಿರಲಿಲ್ಲ, ಅಭ್ಯಾಸವನ್ನು ಒಂದೂವರೆ ಗಂಟೆಗಿಂತ ಎಳೆಯುತ್ತಿರಲಿಲ್ಲ, ಸೇರಬಂದವರನ್ನು ತಂಡದಿಂದ ಹೊರಗೆ ಕಳಿಸುತ್ತಿರಲಿಲ್ಲ, ಆಟಗಾರರು ಅವರನ್ನು ‘ಕೋಚ್’ ಎನ್ನದೆ ‘ಜಾನ್’ ಎಂದೇ ಕರೆಯಬೇಕಾಗಿತ್ತು. ಇದರ ಬೇರನ್ನು ಹುಡುಕಿದರೆ ಕೊಲರಾಡೋದ ಟ್ರಿನಿಡಾಡ್ ಎಂಬ ಊರಿಗೆ ಹೋಗುತ್ತೇವೆ. ಎರಡನೆಯ ಮಹಾಯುದ್ಧಕ್ಕೆ ಶಾಲೆಯ ಕೋಚ್ ಹೊರಟುಹೋದಾಗ ಹದಿನಾರರ ಹುಡುಗನಾಗಿದ್ದ ಗಲಾರ್ಡಿ, ತಾನೇ ತಂಡವನ್ನು ನೋಡಿಕೊಳ್ಳುವುದಾಗಿ ಮುಂದೆ ಬಂದರು. ಆಟಗಾರನಾಗಿ ತಾನು ಸಹಿಸಬೇಕಾಗಿದ್ದುದನ್ನೆಲ್ಲ ಅವರು ಅಂದೇ ಬಿಡತೊಡಗಿದರು. ನೀವೂ ಹೀಗೆಯೇ ಕೇಳಿ. ‘ಸರ್ ಒಳ್ಳೆಯವರು’ ಎಂಬ ಉತ್ತರಕ್ಕೆ ನಿಲ್ಲಬೇಡಿ. ಮುರಕಲ್ಲಿನ ಅಂಗಳದಲ್ಲಿ ಮೊಣಕಾಲು ತರಚಿದಾಗ ಅವರು ಏನು ಮಾಡುತ್ತಿದ್ದರು, ಆಟಿಯ ಮಳೆಯಲ್ಲಿ ಅಭ್ಯಾಸ ಎಲ್ಲಿ ನಡೆಯುತ್ತಿತ್ತು, ಸೋತ ಮರುದಿನ ಮೊದಲ ಮಾತು ಯಾವುದಾಗಿತ್ತು ಎಂದು ಕೇಳಿ. ಗಲ್ಫಿನಲ್ಲಿರುವ ಹಳೆಯ ಆಟಗಾರರನ್ನು ಶುಕ್ರವಾರ ಫೋನಿನಲ್ಲಿ ಹಿಡಿಯುವುದು ಸುಲಭ. ನಾಯಕನನ್ನಷ್ಟೇ ಅಲ್ಲ, ಬದಲಿ ಆಟಗಾರನಾಗಿಯೇ ಮೂರು ವರ್ಷ ಕುಳಿತವನನ್ನೂ ಮಾತನಾಡಿಸಿ; ಅವನಿಗೆ ಬಹಳಷ್ಟು ಕಂಡಿರುತ್ತದೆ.

ಕಳಂಕವೇನಾದರೂ ಇದ್ದರೆ ಮುಚ್ಚಬಾರದು. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಕೋಚ್ ಜೋ ಪಟರ್ನೊ ಅವರ 111 ಗೆಲುವುಗಳನ್ನು 2012ರಲ್ಲಿ ರದ್ದುಗೊಳಿಸಿ 2015ರಲ್ಲಿ ಹಿಂದಿರುಗಿಸಲಾಯಿತು. ಅವರ 409 ಗೆಲುವುಗಳನ್ನು ಮಾತ್ರ ಬರೆದು, ಸಹಾಯಕ ಕೋಚ್ ಒಬ್ಬನ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಪ್ರಕರಣದಲ್ಲಿ 2011ರಲ್ಲಿ ಅವರನ್ನು ಹುದ್ದೆಯಿಂದ ತೆಗೆದುದನ್ನು ಬಿಟ್ಟರೆ ಆ ಬರಹ ಪ್ರಾಮಾಣಿಕವಾಗುವುದಿಲ್ಲ.

ಕೊನೆಯಲ್ಲಿ ಹೆಸರುಗಳನ್ನು ನೋಡಿ. ಮಲಯಾಳದಲ್ಲಿ ಬರೆದ ಹಳೆಯ ಹಾಜರಿ ಪುಸ್ತಕಗಳಲ್ಲಿ ನಮ್ಮವರ ಹೆಸರಿನ ರೂಪವೂ ಇನಿಶಿಯಲ್ಲೂ ಬೇರೆಯಾಗಿರಬಹುದು. ಪ್ರತಿ ಹೆಸರನ್ನೂ ಆಯಾ ಆಟಗಾರರಿಗೆ ಓದಿ ಹೇಳಿ, ಅವರು ಒಪ್ಪಿದ ಮೇಲೆಯೇ ಪ್ರೆಸ್ಸಿಗೆ ಕೊಡಿ.