‘ದೇಶ ಬಿಡಿ’ ನೋಟಿಸ್ ಬಂದರೆ ಮೊದಲು ಏನು ಮಾಡಬೇಕು?

ತುಮಕೂರಿನಲ್ಲಿ ಓದಲು ಬಂದ ಸುಡಾನ್ ಹುಡುಗನೊಬ್ಬ ನಿಮ್ಮ ಮಹಡಿ ಮನೆಯಲ್ಲಿ ಬಾಡಿಗೆಗಿದ್ದಾನೆ ಅಂದುಕೊಳ್ಳಿ. ವೀಸಾ ಮುಗಿದಿದೆ, ನೋಟಿಸ್ ಬಂದಿದೆ. ಅವನ ದೇಶದಲ್ಲಿ 2023ರ ಏಪ್ರಿಲ್‌ನಲ್ಲಿ ಯುದ್ಧ ಶುರುವಾಯಿತು. ವಾಪಸ್ ಹೋದರೆ ಜೀವ ಉಳಿಯಲ್ಲ ಅಂತಾನೆ.

ತಲೆಮರೆಸಿಕೋ ಅನ್ನುವ ಸಲಹೆ ಮಾತ್ರ ಕೊಡಬೇಡಿ. ನೋಟಿಸ್ ಕೊಟ್ಟವರು ಯಾರು, ಕಾರಣ ಏನು, ಕೊನೇ ದಿನ ಯಾವುದು, ನೋಡಿಕೊಳ್ಳಿ. ಅವತ್ತೇ ಕೋರ್ಟ್ ಆವರಣದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಕರೆದುಕೊಂಡು ಹೋಗಿ. 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ. ಬಂಧನದಲ್ಲಿದ್ದರೆ ವಿದೇಶಿಯರಿಗೂ ಉಚಿತ ವಕೀಲರು ಸಿಗುತ್ತಾರೆ.

ಕಾನೂನು ಅವನ ಕಡೆಗೇ ಇದೆ ಅನ್ನುವ ಹಾಗಿಲ್ಲ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. 2025ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ ವಲಸೆ ಮತ್ತು ವಿದೇಶಿಯರ ಕಾಯ್ದೆಯೂ ಸರ್ಕಾರಕ್ಕೆ ದೊಡ್ಡ ಅಧಿಕಾರ ಕೊಟ್ಟಿದೆ. ಆದರೆ ಸಂವಿಧಾನದ 21ನೇ ವಿಧಿಯ ಜೀವದ ಹಕ್ಕು ವಿದೇಶಿಯರಿಗೂ ಇದೆ. ಬಾಂಗ್ಲಾ ಕಡೆಯಿಂದ ಬಂದು ಅರುಣಾಚಲದಲ್ಲಿ ನೆಲೆಸಿದ್ದ ಚಕ್ಮಾ ಜನರ ಪ್ರಕರಣದಲ್ಲಿ 1996ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. 2021ರಲ್ಲಿ ರೋಹಿಂಗ್ಯಾ ಪ್ರಕರಣದಲ್ಲಿ ಅದೇ ಕೋರ್ಟ್, ನಿಯಮ ಪಾಲಿಸಿ ವಾಪಸ್ ಕಳಿಸಬಹುದು ಎಂದಿತು. ಅದೇ ವರ್ಷ ಮಣಿಪುರ ಹೈಕೋರ್ಟ್ ಮ್ಯಾನ್ಮಾರ್‌ನಿಂದ ಬಂದವರಿಗೆ ದೆಹಲಿಯ ವಿಶ್ವಸಂಸ್ಥೆ ನಿರಾಶ್ರಿತರ ಕಚೇರಿಗೆ ಹೋಗಲು ಅವಕಾಶ ಕೊಟ್ಟಿತು. ಎರಡೂ ಥರ ಆಗಬಹುದು. ಅದಕ್ಕೇ ‘ವಾಪಸ್ ಕಳಿಸಬೇಡಿ’ ಎಂದು ಅಧಿಕಾರಿಗಳಿಗೆ ಕೊಡುವ ಮನವಿ ಪತ್ರ ಗಟ್ಟಿ ಇರಬೇಕು.

‘ನಮ್ಮಲ್ಲಿ ಯುದ್ಧ ನಡೀತಿದೆ’ ಎಂದಷ್ಟೇ ಬರೆದರೆ ಸಾಲದು. ಅಧಿಕಾರಿ ಕೇಳುವುದು, ಅಲ್ಲಿ ನಿನಗೇ ಏನು ಅಪಾಯ ಅಂತ. ಊರು ಯಾವುದು, ಈಗ ಅದು ಯಾರ ಹಿಡಿತದಲ್ಲಿದೆ, ಮನೆಯವರಿಗೆ ಏನಾಯಿತು, ಯಾವ ದಿನ, ಎಲ್ಲ ಬರೆಸಿ. ಊರಿಂದ ಅವನ ಅಣ್ಣ ಕಳಿಸಿದ ವಾಯ್ಸ್ ಮೆಸೇಜ್ ಇದ್ದರೆ ಅಳಿಸಬಾರದು. ಅದರ ಮಾತನ್ನು ಪದಪದ ಬರೆದು, ಅನುವಾದ ಮಾಡಿಸಿ, ಬಂದ ತಾರೀಖು ಹಾಕಿ ಲಗತ್ತಿಸಿ. ಸುಮ್ನೆ ಜಾಸ್ತಿ ಮಾಡಿ ಹೇಳಬಾರದು. ಒಂದು ಸುಳ್ಳು ಸಿಕ್ಕರೆ ನಿಜವನ್ನೂ ನಂಬುವುದಿಲ್ಲ, ಅಲ್ವಾ? ಈ ಮನವಿಯನ್ನು ಬೆಂಗಳೂರಿನ ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿಗೂ ಜಿಲ್ಲಾ ಎಸ್‌ಪಿ ಕಚೇರಿಗೂ ಕೊಟ್ಟು, ಸ್ವೀಕೃತಿ ಪಡೆಯಿರಿ. ವಿಶ್ವಸಂಸ್ಥೆ ಕಚೇರಿಗೂ ಅರ್ಜಿ ಹಾಕಿಸಿ. ಆದರೆ ಅವರು ಕೊಡುವ ನಿರಾಶ್ರಿತರ ಕಾರ್ಡ್ ಒಂದೇ ಗಡಿಪಾರನ್ನು ತಡೆಯುವುದಿಲ್ಲ.

ಭಯ ಇರುವುದು ಅವನ ಸರ್ಕಾರದಿಂದಲೇ ಆದರೆ, ವಕೀಲರನ್ನು ಕೇಳದೆ ಅವನ ರಾಯಭಾರ ಕಚೇರಿಗೆ ಫೋನ್ ಮಾಡಬೇಡಿ. ಸಹಾಯ ಮಾಡಲು ಹೋದವರೇ ಇಲ್ಲಿ ಎಡವುತ್ತಾರೆ. ಊರಲ್ಲಿರುವ ಅವನ ತಾಯಿಗೂ ತೊಂದರೆ ಆಗಬಹುದು.

ಅವನನ್ನು ನೆಲಮಂಗಲದ ಹತ್ತಿರದ ಸೊಂಡೆಕೊಪ್ಪದಲ್ಲಿರುವ, ವಿದೇಶಿಯರನ್ನು ಇರಿಸುವ ಕೇಂದ್ರದಲ್ಲಿ ಇಟ್ಟರೆ, ವಕೀಲರು ಅಲ್ಲಿಗೇ ಹೋಗಿ ವಕಾಲತ್ತಿಗೆ ಸಹಿ ಹಾಕಿಸಿಕೊಳ್ಳಲಿ. ಮನವಿಗೆ ಉತ್ತರ ಬರದಿದ್ದರೆ, ವಿಮಾನದ ದಿನ ಗೊತ್ತಾಗುವವರೆಗೆ ಕಾಯದೆ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಿಸಿ, ತಡೆಯಾಜ್ಞೆ ಕೇಳಿ.