ಕೆರೆ ನೀರಿನ ಕೇಸು ರಾಜಿಯಾದ ಬಗೆ: ನನ್ನ ಅನುಭವ

ಹಾಸನದ ಮಧ್ಯಸ್ಥಿಕೆ ಕೇಂದ್ರಕ್ಕೆ ಆ ಅಣ್ಣ ತಮ್ಮ ಬರುವ ಹೊತ್ತಿಗೆ ಅವರ ಕೇಸಿಗೆ ಒಂಬತ್ತು ವರ್ಷ ತುಂಬಿತ್ತು. ಸಕಲೇಶಪುರ ಕಡೆಯ ತೋಟ. ಪಾಲಾದಾಗ ರೊಬಸ್ಟಾ ಕಾಫಿ ಅಣ್ಣನಿಗೆ, ಕೆರೆ ತಮ್ಮನಿಗೆ ಬಂದಿತ್ತು. ಅಣ್ಣ ಕೆರೆಗೆ ಪೈಪ್ ಇಳಿಸಿದರು, ತಮ್ಮ ತಡೆಯಾಜ್ಞೆ ತಂದರು. (ಆ ಕೊಠಡಿಯ ಮಾತು ಗೋಪ್ಯ. ಅದಕ್ಕೇ ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೇ ಕಲಮಿನಂತೆ ನ್ಯಾಯಾಧೀಶರು ಇಂಥ ದಾವೆಗಳನ್ನು ಮಧ್ಯಸ್ಥಗಾರರಾದ ನಮ್ಮಲ್ಲಿಗೆ ಕಳಿಸುತ್ತಾರೆ. ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. 40 ಗಂಟೆಯ ತರಬೇತಿಯಲ್ಲಿ ಇದನ್ನೇ ಕಲಿತು ಬಂದಿದ್ದರೂ ಮೊದಲ ದಿನವೇ ತಪ್ಪಿದೆ. "ವಾರದಲ್ಲಿ ಮೂರು ದಿನ ಅಣ್ಣನಿಗೆ ನೀರು" ಎಂದು ನಾನೇ ಹೇಳಿಬಿಟ್ಟೆ. ಮೂರು ಯಾಕೆ, ಒಂದು ದಿನವೂ ಇಲ್ಲ ಎಂದು ತಮ್ಮ ಎದ್ದು ನಿಂತರು. ಮೂರು ದಿನಕ್ಕೆ ಏನಾಗುತ್ತದೆ ಎಂದು ಅಣ್ಣನೂ ಸಿಟ್ಟಾದರು.

ಮುಂದಿನ ಸಲ ಒಬ್ಬೊಬ್ಬರನ್ನೇ ಕೂರಿಸಿಕೊಂಡೆ. ಅಣ್ಣನನ್ನು ಕೇಳಿದ್ದು ಒಂದೇ: ನೀರು ಯಾವಾಗ ಬೇಕು? ವರ್ಷವಿಡೀ ಬೇಡವೇ ಬೇಡ ಎಂದರು. ಫೆಬ್ರವರಿ ಮಾರ್ಚಿನಲ್ಲಿ ಹೂಮಳೆ ಕೈಕೊಟ್ಟರೆ ಮೊಗ್ಗು ಅರಳಿಸಲು ಒಮ್ಮೆ ಸ್ಪ್ರಿಂಕ್ಲರ್ ಹಾಕಬೇಕು, ಎರಡು ಮೂರು ವಾರ ಬಿಟ್ಟು ಬ್ಯಾಕಿಂಗಿಗೆ, ಅಂದರೆ ಅರಳಿದ ಹೂ ಕಾಯಿಕಟ್ಟಲು, ಇನ್ನೊಮ್ಮೆ. ಆ ಎರಡು ಸರದಿ ತಪ್ಪಿದರೆ ಫಸಲೇ ಹೋಯಿತು. ಒಂಬತ್ತು ವರ್ಷದ ಕಡತದಲ್ಲಿ ಸರ್ವೆ ನಂಬರ್, ನಕ್ಷೆ, ಸಾಕ್ಷಿ ಎಲ್ಲ ಇತ್ತು, ಈ ಮಾತೊಂದು ಇರಲಿಲ್ಲ.

ತಮ್ಮ ತುಂಬ ಹೊತ್ತು ಸುಮ್ಮನಿದ್ದು ಹೇಳಿದರು: "ಸರ್, ಅಡಿಕೆ ಸಸಿಗೆ ಏಪ್ರಿಲ್‌ವರೆಗೂ ನೀರು ಉಳಿಯಬೇಕು. ಅದಕ್ಕಿಂತ ದೊಡ್ಡ ಭಯ ಬೇರೆ ಇದೆ. ಇವತ್ತು ಕೊಟ್ಟರೆ ನಾಳೆ ಅವರ ಮಕ್ಕಳು ನಮ್ಮ ಮಕ್ಕಳ ಹತ್ತಿರ ಹಕ್ಕು ಅಂತ ಕೇಳ್ತಾರೆ." ಆ ಭಯ ಸುಳ್ಳಲ್ಲ. 20 ವರ್ಷ ತಡೆಯಿಲ್ಲದೆ ಹಕ್ಕಿನಂತೆ ಬಳಸಿದ ನೀರಿಗೆ ಕಾನೂನೂ ಹಕ್ಕು ಕೊಡುತ್ತದೆ. ಅನುಮತಿ ಪಡೆದು ಬಳಸಿದರೆ ಹಾಗಾಗುವುದಿಲ್ಲ. ಈ ಮಾತನ್ನು ಅಣ್ಣನಿಗೆ ತಿಳಿಸಲೇ ಎಂದು ಕೇಳಿ, ಅವರು ಹೂಂ ಎಂದ ಮೇಲೆಯೇ ಆಚೆ ಕೊಠಡಿಗೆ ಹೋದೆ. ಪ್ರತ್ಯೇಕವಾಗಿ ಹೇಳಿದ ಮಾತನ್ನು ಒಪ್ಪಿಗೆಯಿಲ್ಲದೆ ದಾಟಿಸಿದರೆ ನಂಬಿಕೆ ಅಲ್ಲಿಗೇ ಮುಗಿಯಿತು. ಈ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು.

ಅಣ್ಣ ಕೇಳಿಸಿಕೊಂಡು, "ಹಕ್ಕು ಯಾರಿಗೆ ಬೇಕು? ಹೂ ಅರಳೋ ಹೊತ್ತಿಗೆ ಮೋಟರ್ ನಿಲ್ಲಿಸಬಾರದು, ಅಷ್ಟೇ" ಎಂದರು.

ಷರತ್ತುಗಳನ್ನು ಆಮೇಲೆ ಅವರೇ ಕಟ್ಟಿದರು. ಹತ್ತು ವರ್ಷಕ್ಕೆ ಅನುಮತಿ, ಹಕ್ಕಲ್ಲ. ಫೆಬ್ರವರಿ ಮಾರ್ಚಿನಲ್ಲಿ ಅದನ್ನು ಹಿಂತೆಗೆಯುವಂತಿಲ್ಲ. ತೂಬಿನ ಕಲ್ಲಿಗೆ ಗುರುತು ಹಾಕುವುದು, ನೀರು ಅಲ್ಲಿಗೆ ಇಳಿದರೆ ಪಂಪ್ ನಿಲ್ಲಿಸುವುದು. ಆ ಗುರುತು ಎಷ್ಟು ಎತ್ತರ ಎಂಬುದಕ್ಕೇ ಒಂದು ಇಡೀ ಮಧ್ಯಾಹ್ನ ಹಿಡಿಯಿತು. ನಾನು ಬಾಯಿ ಬಿಡಲಿಲ್ಲ. ಇಬ್ಬರ ವಕೀಲರೂ ಕರಡು ತಿದ್ದಿದರು. ಕನ್ನಡದಲ್ಲೇ ಬರೆದು, ಎರಡು ಸಲ ಓದಿ ಹೇಳಿದೆವು. ನ್ಯಾಯಾಲಯ ಅದರಂತೆ ರಾಜಿ ಡಿಕ್ರಿ ಮಾಡಿತು.

ಸಹಿಗೆ ಮುಂಚೆ ಅಣ್ಣ ಪೆನ್ನು ಕೆಳಗಿಟ್ಟು ಇನ್ನೊಂದು ಸಾಲು ಬರೆಸಿದರು: ಕೆರೆಯ ಹೂಳು ತೆಗೆಸುವ ಖರ್ಚಿನಲ್ಲಿ ಅರ್ಧ ತನ್ನದು. ಅದನ್ನು ಯಾರೂ ಕೇಳಿರಲಿಲ್ಲ.