ಗೃಹಸ್ಥರು ಬೌದ್ಧ ಸುತ್ತಗಳನ್ನು ಓದುವ ಮತ್ತು ಬದುಕಿನಲ್ಲಿ ಅಳವಡಿಸಿಕೊಳ್ಳುವ ಬಗೆ

ಅಶೋಕನ ಕಾಲದಲ್ಲಿ ಪಾಟಲೀಪುತ್ರದಲ್ಲಿ ನಡೆದ ಮೂರನೆಯ ಸಂಗೀತಿಯ (ಬೌದ್ಧ ಭಿಕ್ಷುಗಳ ಮಹಾಸಭೆಯ) ಬಳಿಕ ಮೊಗ್ಗಲಿಪುತ್ತ ತಿಸ್ಸ ಥೇರರು (ಹಿರಿಯ ಭಿಕ್ಷುಗಳು) ಬೇರೆ ಬೇರೆ ಸೀಮೆಗಳಿಗೆ ಭಿಕ್ಷುಗಳನ್ನು ಕಳುಹಿಸಿದರೆಂದೂ, ವನವಾಸಕ್ಕೆ ಬಂದ ರಕ್ಖಿತ ಥೇರರು ಅಲ್ಲಿಯ ಜನರಿಗೆ ಅನಮತಗ್ಗ ಸಂಯುತ್ತವೆಂಬ ಸುತ್ತಗಳ, ಅಂದರೆ ಬುದ್ಧನ ಉಪದೇಶಗಳ, ಗುಚ್ಛವನ್ನು ಬೋಧಿಸಿದರೆಂದೂ ಸಿಂಹಳದ (ಶ್ರೀಲಂಕಾದ) ಇತಿವೃತ್ತವಾದ ಮಹಾವಂಶವು ಹೇಳುತ್ತದೆ. ಈ ವನವಾಸವನ್ನು ಶಿರಸಿ ತಾಲ್ಲೂಕಿನ ಬನವಾಸಿಯ ಸೀಮೆಯೆಂದು ವಿದ್ವಾಂಸರು ಸಾಮಾನ್ಯವಾಗಿ ಗುರುತಿಸುತ್ತಾರೆ. ಬನವಾಸಿಯ ಮಧುಕೇಶ್ವರ ದೇವಾಲಯದಲ್ಲಿರುವ ನಾಗಶಿಲೆಯ ಪ್ರಾಕೃತ ಶಾಸನವೂ ಶಾತಕರ್ಣಿ ದೊರೆಯ ಕಾಲದಲ್ಲಿ ಅರಸು ಮನೆತನದ ಹೆಣ್ಣುಮಗಳೊಬ್ಬಳು ನಾಗಶಿಲೆಯ ಜೊತೆಗೆ ಒಂದು ಕೆರೆಯನ್ನೂ ಒಂದು ವಿಹಾರವನ್ನೂ ದಾನ ಮಾಡಿದ್ದನ್ನು ದಾಖಲಿಸುತ್ತದೆ. ಆದುದರಿಂದ ಉತ್ತರ ಕನ್ನಡದ ಓದುಗರು ಈ ಗ್ರಂಥಗಳನ್ನು ಕೈಗೆತ್ತಿಕೊಳ್ಳುವಾಗ ಪರದೇಶದ ವಿದ್ಯೆಯೊಂದನ್ನು ಮುಟ್ಟುತ್ತಿದ್ದೇವೆಂಬ ಸಂಕೋಚವನ್ನು ಇಟ್ಟುಕೊಳ್ಳಬೇಕಾಗಿಲ್ಲ.

ರಕ್ಖಿತ ಥೇರರ ಕುರಿತ ಆ ಮಾತಿನಲ್ಲಿ ಓದುವ ಕ್ರಮಕ್ಕೆ ಸಂಬಂಧಿಸಿದ ಒಂದು ಸೂಚನೆಯೂ ಅಡಗಿದೆ. ಅವರು ಕೇಳುಗರ ಮುಂದೆ ಬೌದ್ಧ ಗ್ರಂಥಗಳ ಇಡೀ ಸಂಗ್ರಹವಾದ ತ್ರಿಪಿಟಕವನ್ನು ಹರಡಲಿಲ್ಲ; ಇಪ್ಪತ್ತು ಚಿಕ್ಕ ಸುತ್ತಗಳ ಒಂದು ಗುಚ್ಛವನ್ನು ಆರಿಸಿಕೊಂಡರು. ಹುಟ್ಟು ಸಾವುಗಳ ಈ ದೀರ್ಘ ಸಂಸಾರದಲ್ಲಿ ನೀವು ಸುರಿಸಿದ ಕಣ್ಣೀರು ನಾಲ್ಕು ಮಹಾಸಮುದ್ರಗಳ ನೀರಿಗಿಂತ ಹೆಚ್ಚೆಂದೂ, ಹಿಂದೆ ಒಮ್ಮೆಯೂ ನಿಮ್ಮ ತಾಯಿಯಾಗಿರದ ಜೀವಿಯನ್ನು ಕಾಣುವುದು ಸುಲಭವಲ್ಲವೆಂದೂ ಆ ಸುತ್ತಗಳು ಹೇಳುತ್ತವೆ. ಕೇಳುಗರಿಗೆ ತಕ್ಕ ಒಂದು ಭಾಗವನ್ನು ಆರಿಸಿ, ಅದರಲ್ಲಿ ನೆಲೆನಿಲ್ಲುವ ಈ ಕ್ರಮವೇ ಗೃಹಸ್ಥ ಓದುಗರಿಗೆ ಅತ್ಯಂತ ಸೂಕ್ತವಾದುದೆಂದು ನಾನು ದೃಢವಾಗಿ ನಂಬಿದ್ದೇನೆ.

ಪಾಲಿ ತ್ರಿಪಿಟಕದಲ್ಲಿ ವಿನಯಪಿಟಕವು ಸಂಘದ ನಿಯಮಗಳನ್ನೂ, ಸುತ್ತಪಿಟಕವು ಬುದ್ಧನ ಮತ್ತು ಅವನ ಹಿರಿಯ ಶಿಷ್ಯರ ಉಪದೇಶಗಳನ್ನೂ, ಅಭಿಧಮ್ಮಪಿಟಕವು ಚಿತ್ತ ಮತ್ತು ಅದರ ವ್ಯಾಪಾರಗಳ ವಿಶ್ಲೇಷಣೆಯನ್ನೂ ಒಳಗೊಂಡಿವೆ. ಹೊಸದಾಗಿ ಓದುವವರಿಗೆ ಬೇಕಾದುದು ಸುತ್ತಪಿಟಕ. ಅದರಲ್ಲಿ ದೀಘ, ಮಜ್ಝಿಮ, ಸಂಯುತ್ತ, ಅಂಗುತ್ತರ, ಖುದ್ದಕ ಎಂಬ ಐದು ನಿಕಾಯಗಳು, ಅಂದರೆ ಸಂಗ್ರಹಗಳು ಇವೆ. 423 ಗಾಥೆಗಳ (ಪದ್ಯಗಳ) ಧಮ್ಮಪದವು ಖುದ್ದಕ ನಿಕಾಯಕ್ಕೆ ಸೇರಿದೆ. ಹೆಚ್ಚಿನವರು ಧಮ್ಮಪದದಿಂದಲೇ ಆರಂಭಿಸುತ್ತಾರೆ, ಅದರಲ್ಲಿ ತಪ್ಪಿಲ್ಲ. ಆದರೆ ಅಲ್ಲಿಯ ಗಾಥೆಗಳು ತಮ್ಮ ಸಂದರ್ಭದಿಂದ ಬಿಡಿಸಿ ಸಂಗ್ರಹಿಸಿದವು, ಬೇಗ ಬಾಯಿಪಾಠವಾಗುತ್ತವೆ ಮತ್ತು ಅಷ್ಟೇ ಬೇಗ ಸುಭಾಷಿತಗಳಾಗಿ ಉಳಿದುಬಿಡುತ್ತವೆ. ಅದಕ್ಕೆ ಬದಲಾಗಿ ಬುದ್ಧನು ನೇರವಾಗಿ ಗೃಹಸ್ಥರೊಂದಿಗೆ ಮಾತನಾಡಿದ ಸುತ್ತಗಳಿಂದ ತೊಡಗುವುದು ಮೇಲು: ದೀಘ ನಿಕಾಯದ ಸಿಗಾಲೋವಾದ ಸುತ್ತ, ಅಂಗುತ್ತರ ನಿಕಾಯದ ಕಾಲಾಮ ಸುತ್ತ ಮತ್ತು ದೀಘಜಾಣು ಸುತ್ತ. ಇವುಗಳ ಜೊತೆಗೆ, ಬುದ್ಧನು ತನ್ನ ಮಗ ರಾಹುಲನಿಗೆ ಹೇಳಿದ ಮಜ್ಝಿಮ ನಿಕಾಯದ ಅಂಬಲಟ್ಠಿಕ ರಾಹುಲೋವಾದ ಸುತ್ತ. ಪಾಲಿಯಿಂದ ಕನ್ನಡಕ್ಕೆ ಬುದ್ಧವಚನವನ್ನು ತಂದವರಲ್ಲಿ ಜಿ. ಪಿ. ರಾಜರತ್ನಂ ಪ್ರಮುಖರು, ಆಚಾರ್ಯ ಬುದ್ಧರಕ್ಖಿತರು ಬೆಂಗಳೂರಿನಲ್ಲಿ ಸ್ಥಾಪಿಸಿದ ಮಹಾಬೋಧಿ ಸೊಸೈಟಿಯೂ ಕನ್ನಡದಲ್ಲಿ ಬೌದ್ಧ ಗ್ರಂಥಗಳನ್ನು ಪ್ರಕಟಿಸಿದೆ.

ಒಂದು ಸುತ್ತವನ್ನು ತೆರೆದ ಕೂಡಲೇ ಮೂರು ಸಂಗತಿಗಳನ್ನು ಗುರುತಿಸಿಕೊಳ್ಳಬೇಕು: ಮಾತು ಯಾರಿಗೆ ಸಲ್ಲುತ್ತಿದೆ, ಅವರು ಏನನ್ನು ಕೇಳಿದರು, ಅವರ ಆಗಿನ ಸ್ಥಿತಿ ಏನಾಗಿತ್ತು. ತಾಳಮದ್ದಲೆಯನ್ನು ಕೇಳಿ ಬೆಳೆದ ನಮ್ಮ ಜಿಲ್ಲೆಯವರಿಗೆ ಇದು ಕಷ್ಟವಾಗಲಾರದು; ಅರ್ಥಧಾರಿಯ ಮಾತಿನ ತೂಕವು ಎದುರಿಗೆ ಕುಳಿತ ಪಾತ್ರ ಯಾವುದೆಂಬುದನ್ನು ಅವಲಂಬಿಸಿರುವಂತೆಯೇ ಸುತ್ತದ ಮಾತಿನ ತೂಕವೂ ಕೇಳುಗನನ್ನು ಅವಲಂಬಿಸಿರುತ್ತದೆ. ಕಾಡಿನಲ್ಲಿ ಏಕಾಂತವಾಸ ಮಾಡುವ ಭಿಕ್ಷುವಿಗೆ ಹೇಳಿದ ವೈರಾಗ್ಯದ ಮಾತನ್ನು ಮಕ್ಕಳ ಶಾಲೆಯ ಶುಲ್ಕ ಕಟ್ಟಬೇಕಾದ ತಾಯಿಯೊಬ್ಬಳು ತನಗೇ ಹೇಳಿದ್ದೆಂದು ಹೊತ್ತುಕೊಂಡರೆ ಮನಸ್ಸು ಕುಗ್ಗುತ್ತದೆ. ದೀಘಜಾಣು ಎಂಬ ಕೋಲಿಯ ಕುಲದ ಗೃಹಸ್ಥನು, ‘ನಾವು ಹೆಂಡತಿ ಮಕ್ಕಳೊಂದಿಗೆ ಬಾಳುವವರು, ಚಂದನ ಹಚ್ಚಿಕೊಳ್ಳುವವರು, ಬೆಳ್ಳಿ ಬಂಗಾರ ಬಳಸುವವರು, ನಮಗೆ ತಕ್ಕುದನ್ನು ಹೇಳಿರಿ’ ಎಂದು ಕೇಳಿದಾಗ ಬುದ್ಧನು ಮೊದಲು ಹೇಳಿದ್ದು ಉದ್ಯೋಗದಲ್ಲಿ ದಕ್ಷತೆ, ಗಳಿಸಿದ್ದರ ರಕ್ಷಣೆ, ಒಳ್ಳೆಯವರ ಸಹವಾಸ ಮತ್ತು ಆದಾಯಕ್ಕೆ ತಕ್ಕ ವೆಚ್ಚ ಎಂಬ ನಾಲ್ಕು ಸಂಗತಿಗಳನ್ನು. ಶ್ರದ್ಧೆ, ಶೀಲ, ತ್ಯಾಗ, ಪ್ರಜ್ಞೆಗಳ ಮಾತು ಆ ಬಳಿಕ ಬರುತ್ತದೆ.

ಪುನರುಕ್ತಿಯಿಂದ ಬೇಸರಪಡಬಾರದು. ಈ ಗ್ರಂಥಗಳು ಕ್ರಿ.ಪೂ. ಒಂದನೆಯ ಶತಮಾನದಲ್ಲಿ ಸಿಂಹಳದಲ್ಲಿ ಬರಹಕ್ಕೆ ಇಳಿಯುವವರೆಗೆ ಬಾಯಿಂದ ಬಾಯಿಗೆ ಸಾಗಿ ಬಂದವು, ಮತ್ತು ನೆನಪಿನಲ್ಲಿ ನಿಲ್ಲಲು ಆವರ್ತನೆ ಅನಿವಾರ್ಯವಾಗಿತ್ತು. ಗಟ್ಟಿಯಾಗಿ ಓದಿದರೆ ಆವರ್ತನೆಯ ನಡುವೆ ಬದಲಾಗುವ ಒಂದು ಪದ ಕಿವಿಗೆ ಎದ್ದು ಕೇಳಿಸುತ್ತದೆ. ಅನೇಕ ಸಲ ಸುತ್ತದ ಹುರುಳು ಇರುವುದು ಆ ಪದದಲ್ಲಿಯೇ. ಮನೆಯಲ್ಲಿ ಒಬ್ಬರು ಓದಿ ಉಳಿದವರು ಕೇಳುವುದು ಇನ್ನೂ ಒಳ್ಳೆಯದು.

ಕಾಲಾಮ ಸುತ್ತವನ್ನು ವಿಶೇಷ ಎಚ್ಚರಿಕೆಯಿಂದ ಓದಬೇಕೆಂದು ಹೇಳುತ್ತೇನೆ, ಏಕೆಂದರೆ ಅದರಷ್ಟು ತಪ್ಪಾಗಿ ಉಲ್ಲೇಖಗೊಳ್ಳುವ ಸುತ್ತ ಇನ್ನೊಂದಿಲ್ಲ. ‘ಯಾರನ್ನೂ ನಂಬಬೇಡಿ, ನಿಮ್ಮ ಬುದ್ಧಿಗೆ ತೋಚಿದ್ದನ್ನು ಮಾತ್ರ ಒಪ್ಪಿಕೊಳ್ಳಿ’ ಎಂಬ ಅರ್ಥದಲ್ಲಿ ಅದು ವಾಟ್ಸಾಪ್‌ನಲ್ಲಿ ಹರಿದಾಡುತ್ತದೆ. ಮೂಲದಲ್ಲಿ ಕೇಸಪುತ್ತವೆಂಬ ಊರಿನ ಕಾಲಾಮ ಜನರಿಗೆ ಬುದ್ಧನು ವದಂತಿ, ಪರಂಪರೆ, ಗ್ರಂಥಪ್ರಮಾಣಗಳನ್ನು ಮಾತ್ರವೇ ಆಧಾರವಾಗಿ ಹಿಡಿಯಬೇಡಿ ಎಂದಂತೆ ತರ್ಕವನ್ನು, ಊಹೆಯನ್ನು, ತನ್ನ ಅಭಿಪ್ರಾಯಕ್ಕೆ ಹೊಂದುತ್ತದೆಂಬ ಕಾರಣವನ್ನು ಮಾತ್ರವೇ ಹಿಡಿದು ಹೋಗಬೇಡಿ ಎಂದೂ ಹೇಳಿದ್ದಾನೆ. ಅವನು ಮುಂದಿಡುವ ಪರೀಕ್ಷೆ ನಡತೆಗೆ ಸಂಬಂಧಿಸಿದ್ದು: ಈ ನಡೆ ಅಕುಶಲವೇ (ಕೆಡುಕಿನದೇ), ದೋಷಯುಕ್ತವೇ, ತಿಳಿದವರು ನಿಂದಿಸುವಂಥದೇ, ಕೈಗೊಂಡರೆ ಹಾನಿಗೂ ದುಃಖಕ್ಕೂ ದಾರಿಯಾಗುತ್ತದೆಯೇ? ತಿಳಿದವರ ಮಾತಿಗೆ ಇಲ್ಲಿ ಸ್ಥಾನವಿದೆಯೆಂಬುದನ್ನು ಗಮನಿಸಬೇಕು. ಬುದ್ಧನ ಹೆಸರಿನಲ್ಲಿ ಬರುವ ಯಾವ ವಾಕ್ಯಕ್ಕಾದರೂ ನಿಕಾಯದ ಮತ್ತು ಸುತ್ತದ ಹೆಸರು ಇದೆಯೇ ಎಂದು ನೋಡುವ ರೂಢಿಯನ್ನೂ ಬೆಳೆಸಿಕೊಳ್ಳಬೇಕು. ಹೆಸರಿಲ್ಲದಿದ್ದರೆ ಅದನ್ನು ಮುಂದಕ್ಕೆ ಕಳುಹಿಸದಿರುವುದೇ ಸರಿ.

ದಿನನಿತ್ಯದ ಅಭ್ಯಾಸಕ್ಕೆ ನಾನು ಎಲ್ಲಕ್ಕಿಂತ ಮೇಲೆ ಇಡುವುದು ರಾಹುಲನಿಗೆ ಹೇಳಿದ ಸುತ್ತವನ್ನು. ಕಾಲು ತೊಳೆದುಕೊಂಡ ಬುದ್ಧನು ಪಾತ್ರೆಯಲ್ಲಿ ಉಳಿದ ಚೂರು ನೀರನ್ನು ತೋರಿಸಿ, ತಿಳಿದೂ ಸುಳ್ಳು ಹೇಳಲು ನಾಚದವರಲ್ಲಿ ಇರುವ ಶ್ರಮಣಗುಣ (ಸನ್ಯಾಸಿಯ ಗುಣ) ಇಷ್ಟೇ ಎನ್ನುತ್ತಾನೆ. ಅನಂತರ ಕನ್ನಡಿ ಇರುವುದು ಏತಕ್ಕೆಂದು ಕೇಳುತ್ತಾನೆ. ನೋಡಿಕೊಳ್ಳುವುದಕ್ಕೆ ಎಂದು ರಾಹುಲನು ಉತ್ತರಿಸಿದಾಗ, ದೇಹದಿಂದ, ಮಾತಿನಿಂದ, ಮನಸ್ಸಿನಿಂದ ಮಾಡುವ ಪ್ರತಿಯೊಂದು ಕರ್ಮವನ್ನೂ ಹಾಗೆಯೇ ಮತ್ತೆ ಮತ್ತೆ ನೋಡಿ ಮಾಡಬೇಕೆಂದು ಹೇಳುತ್ತಾನೆ. ನೋಡುವ ಹೊತ್ತು ಮೂರು: ಮಾಡುವ ಮೊದಲು, ಮಾಡುತ್ತಿರುವಾಗ, ಮಾಡಿದ ಮೇಲೆ. ಕೇಳಿಕೊಳ್ಳುವ ಪ್ರಶ್ನೆಯಂತೂ ಒಂದೇ, ಇದರಿಂದ ನನಗಾಗಲಿ, ಇತರರಿಗಾಗಲಿ, ಇಬ್ಬರಿಗಾಗಲಿ ನೋವಾಗುತ್ತದೆಯೇ ಎಂಬುದು.

ಇದನ್ನು ಆರಂಭಿಸುವವರು ದೇಹ, ಮಾತು, ಮನಸ್ಸು ಎಂಬ ಮೂರು ಬಾಗಿಲುಗಳನ್ನೂ ಒಮ್ಮೆಲೇ ಕಾಯಲು ಹೋಗದೆ ಮಾತನ್ನು ಮಾತ್ರ ಆರಿಸಿಕೊಳ್ಳುವುದು ಒಳಿತು, ಅದರಲ್ಲಿಯೂ ದಿನದ ಒಂದು ನಿರ್ದಿಷ್ಟ ಸಂದರ್ಭದ ಮಾತನ್ನು. ಕಾರವಾರದ ಕಚೇರಿಯೊಂದರಲ್ಲಿ ಅರ್ಜಿ ಹಿಡಿದು ಬಂದವರಿಗೆ ಉತ್ತರಿಸುವ ನೌಕರರಿಗೆ ಅದು ಬೆಳಗಿನ ಮೊದಲ ಗಂಟೆಯಾಗಬಹುದು. ಅಣ್ಣತಮ್ಮಂದಿರ ನಡುವೆ ಹಿಸೆಯ ವಿಚಾರ ನಡೆದಿರುವ ಮನೆಯಲ್ಲಿ ರಾತ್ರಿ ಊಟದ ಹೊತ್ತಾಗಬಹುದು. ಮಾತು ತಕ್ಕ ಸಮಯದ್ದೇ, ಸತ್ಯವೇ, ಮೃದುವೇ, ಪ್ರಯೋಜನಕರವೇ, ಮೈತ್ರಿಯಿಂದ ಹುಟ್ಟಿದ್ದೇ ಎಂಬ ಐದು ಅಂಗಗಳನ್ನು ಅಂಗುತ್ತರ ನಿಕಾಯವು ಬೇರೆಡೆ ಕೊಡುತ್ತದೆ, ಅವು ಇಲ್ಲಿ ಬಹಳ ನೆರವಾಗುತ್ತವೆ. ಆಡಿದ ಮೇಲೆ ನೋಡಿದಾಗ ನೋವು ಕೊಟ್ಟದ್ದು ಕಂಡರೆ ಅದನ್ನು ಗುರುವಿಗೋ ವಿವೇಕವುಳ್ಳ ಒಡನಾಡಿಗೋ ತೆರೆದು ಹೇಳಿ, ಮುಂದೆ ತಡೆದುಕೊಳ್ಳಬೇಕೆಂದು ಸುತ್ತವು ವಿಧಿಸುತ್ತದೆ. ಒಳ್ಳೆಯದು ಕಂಡರೆ ಸಂತೋಷದಿಂದಲೇ ಇರಬೇಕೆಂದೂ ಅದೇ ಸುತ್ತ ಹೇಳುತ್ತದೆ, ಮತ್ತು ಈ ಎರಡನೆಯ ಭಾಗವನ್ನು ಬಿಟ್ಟುಬಿಟ್ಟರೆ ಅಭ್ಯಾಸವು ಬರಿಯ ಆತ್ಮನಿಂದೆಯಾಗಿ ಒಣಗುತ್ತದೆ.

ಸಿಗಾಲೋವಾದ ಸುತ್ತವು ಮನೆಯ ಮತ್ತು ದುಡಿಮೆಯ ಸಂಬಂಧಗಳಿಗೆ ಮೀಸಲಾದುದು. ತಂದೆಯ ಮಾತಿನಂತೆ ಬೆಳಗ್ಗೆ ಎದ್ದು ಆರು ದಿಕ್ಕುಗಳಿಗೆ ಕೈಮುಗಿಯುತ್ತಿದ್ದ ಸಿಗಾಲನಿಗೆ ಬುದ್ಧನು ಆ ದಿಕ್ಕುಗಳನ್ನು ಮನುಷ್ಯರಾಗಿ ತೋರಿಸಿದನು: ಪೂರ್ವಕ್ಕೆ ತಂದೆತಾಯಿ, ದಕ್ಷಿಣಕ್ಕೆ ಗುರುಗಳು, ಪಶ್ಚಿಮಕ್ಕೆ ಹೆಂಡತಿ ಮಕ್ಕಳು, ಉತ್ತರಕ್ಕೆ ಸ್ನೇಹಿತರು, ಕೆಳಗೆ ಕೆಲಸದವರು, ಮೇಲೆ ಶ್ರಮಣ ಬ್ರಾಹ್ಮಣರು. ತೋಟಿಗ ಓದುಗರು ಕೆಳಗಿನ ದಿಕ್ಕಿನ ಬಳಿ ಹೆಚ್ಚು ಹೊತ್ತು ನಿಲ್ಲಬೇಕೆಂಬುದು ನನ್ನ ಆಗ್ರಹ. ಕೆಲಸದವರಿಗೆ ಶಕ್ತಿಗೆ ತಕ್ಕ ಕೆಲಸ ಕೊಡುವುದು, ಊಟವನ್ನೂ ಕೂಲಿಯನ್ನೂ ಕೊಡುವುದು, ಕಾಯಿಲೆಯಾದಾಗ ಆರೈಕೆ ಮಾಡುವುದು, ವಿಶೇಷ ಅಡುಗೆಯನ್ನು ಹಂಚಿಕೊಳ್ಳುವುದು, ಸಕಾಲದಲ್ಲಿ ಬಿಡುವು ಕೊಡುವುದು ಎಂಬ ಐದು ಕರ್ತವ್ಯಗಳನ್ನು ಸುತ್ತವು ಯಜಮಾನನಿಗೆ ಹೇಳುತ್ತದೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಜಾರುವ ಅಡಿಕೆ ಮರವನ್ನು ಏರುವ, ಸುಗ್ಗಿಯಲ್ಲಿ ಕೊನೆ ಇಳಿಸುವ ಕೆಲಸಗಾರನ ವಿಷಯದಲ್ಲಿ ಈ ಐದನ್ನೂ ಒಂದೊಂದಾಗಿ ಇಟ್ಟು ನೋಡಿದರೆ ಸುತ್ತವು ನಮ್ಮ ಅಂಗಳಕ್ಕೇ ಬಂದು ನಿಲ್ಲುತ್ತದೆ. ಮಳೆ ನಿಲ್ಲುವ ಮುಂಚೆ ಮರ ಏರಲು ಒತ್ತಾಯಿಸುವುದು ಮೊದಲ ಕರ್ತವ್ಯಕ್ಕೆ ವಿರುದ್ಧ. ಬಿದ್ದು ಗಾಯವಾದಾಗ ಆಸ್ಪತ್ರೆಯ ವೆಚ್ಚವನ್ನು ದಯೆಯ ಕೆಲಸವೆಂದು ಹೇಳಿಕೊಳ್ಳುವುದೂ ಸರಿಯಲ್ಲ, ಸುತ್ತದ ಪ್ರಕಾರ ಅದು ಕರ್ತವ್ಯ. ಗಳಿಕೆಯನ್ನು ನಾಲ್ಕು ಪಾಲು ಮಾಡಿ ಒಂದನ್ನು ಅನುಭವಿಸಿ, ಎರಡನ್ನು ಉದ್ಯೋಗದಲ್ಲಿ ತೊಡಗಿಸಿ, ನಾಲ್ಕನೆಯದನ್ನು ಆಪತ್ತಿಗೆ ಕೂಡಿಡಬೇಕೆಂಬ ಗಾಥೆಯೂ ಇದೇ ಸುತ್ತದಲ್ಲಿದೆ. ವರ್ಷದ ಹಣ ಒಂದೇ ಹಂಗಾಮಿನಲ್ಲಿ ಕೈಸೇರುವ ಅಡಿಕೆ ಬೆಳೆಗಾರರಿಗೆ ಅದು ಇಂದಿಗೂ ಸಲ್ಲುವ ಲೆಕ್ಕ.

ಕರಾವಳಿಯ ಓದುಗರಿಗೆ, ಗೃಹಸ್ಥರು ಪಾಲಿಸಬೇಕಾದ ಐದು ನಿಯಮಗಳಾದ ಪಂಚಶೀಲದ ಮೊದಲ ಶೀಲವೇ ಕಷ್ಟದ ಪ್ರಶ್ನೆಯನ್ನು ತರುತ್ತದೆ. ಮೀನುಗಾರಿಕೆಯೇ ಜೀವನಾಧಾರವಾಗಿರುವ ಮನೆಯವರು ಪ್ರಾಣಿವಧೆಯಿಂದ ದೂರವಿರುವ ಶೀಲವನ್ನು ಹೇಗೆ ಓದಬೇಕು? ಆಯುಧ, ಜೀವಿಗಳು, ಮಾಂಸ, ಮದ್ಯ, ವಿಷ ಎಂಬ ಐದರ ವ್ಯಾಪಾರವನ್ನು ಉಪಾಸಕರು (ಗೃಹಸ್ಥ ಅನುಯಾಯಿಗಳು) ಮಾಡಬಾರದೆಂದು ಅಂಗುತ್ತರ ನಿಕಾಯವು ಸ್ಪಷ್ಟವಾಗಿ ಹೇಳುತ್ತದೆ, ಮತ್ತು ಪಠ್ಯವು ಹೇಳದ ರಿಯಾಯಿತಿಯನ್ನು ಅದರ ಬಾಯಲ್ಲಿ ಇಡುವುದು ಪ್ರಾಮಾಣಿಕವಲ್ಲ. ಆದರೆ ಶೀಲಗಳನ್ನು ಸ್ವೀಕರಿಸುವ ವಾಕ್ಯವು ಅವುಗಳನ್ನು ಶಿಕ್ಷಾಪದಗಳೆಂದು, ಅಂದರೆ ಕಲಿಕೆಯ ಹೆಜ್ಜೆಗಳೆಂದು ಕರೆಯುತ್ತದೆ. ದೋಣಿಯನ್ನು ನಂಬಿ ಬದುಕುವವರು ಉಳಿದ ನಾಲ್ಕು ಶೀಲಗಳನ್ನು ಬಿಗಿಯಾಗಿ ಹಿಡಿದು, ಮೊದಲನೆಯದರಲ್ಲಿ ತಮ್ಮಿಂದ ಸಾಧ್ಯವಾದಷ್ಟು ಹಿಂಸೆಯನ್ನು ಕಡಿಮೆ ಮಾಡುತ್ತ ಸಾಗುವುದನ್ನು ಯಾವ ಸುತ್ತವೂ ತಡೆಯುವುದಿಲ್ಲ. ಜೂನ್ ಮತ್ತು ಜುಲೈ ತಿಂಗಳ ಮೀನುಗಾರಿಕೆ ನಿಷೇಧವನ್ನು ಮನಸಾರೆ ಪಾಲಿಸುವುದು, ಮರಿಮೀನುಗಳು ಸಿಕ್ಕುವ ಸಣ್ಣ ಕಣ್ಣಿನ ಬಲೆಯನ್ನು ಬಿಡುವುದು ಇಂಥ ಹೆಜ್ಜೆಗಳು. ಬೇರೆಯವರ ತಟ್ಟೆಯಲ್ಲಿರುವ ಬಂಗಡೆಯನ್ನು ನೋಡಿ ಅವರ ಧರ್ಮವನ್ನು ಅಳೆಯುವುದಕ್ಕಂತೂ ಈ ಶೀಲವನ್ನು ಕೊಟ್ಟಿಲ್ಲ. ಘಟ್ಟದ ಮೇಲಿನ ಶಾಕಾಹಾರಿ ಓದುಗರು ಇದನ್ನು ವಿಶೇಷವಾಗಿ ನೆನಪಿನಲ್ಲಿಡಬೇಕು, ಏಕೆಂದರೆ ಸಿಗಾಲೋವಾದವು ಕೇಳುವ ಲೆಕ್ಕವನ್ನು ಅವರೂ ಕೊಡಬೇಕಾಗಿದೆ.

ಸಂಕಟದ ದಿನಗಳಿಗೆ ಸಂಯುತ್ತ ನಿಕಾಯದ ಸಲ್ಲ ಸುತ್ತವನ್ನು ಓದಿಟ್ಟುಕೊಳ್ಳಬೇಕು. ಬಾಣವೊಂದು ತಾಗಿದವನಿಗೆ ಅದರ ಬೆನ್ನಿಗೇ ಇನ್ನೊಂದು ಬಾಣ ತಾಗುವಂತೆ, ಧರ್ಮವನ್ನು ಕೇಳದವನು ದೇಹದ ನೋವಿನ ಮೇಲೆ ಮನಸ್ಸಿನ ಗೋಳನ್ನೂ ಅನುಭವಿಸುತ್ತಾನೆ ಎಂಬುದು ಅದರ ತಿರುಳು. ಅಡಿಕೆಯ ದರ ಕುಸಿದಾಗ ನಷ್ಟವು ಮೊದಲ ಬಾಣ. ನೆರೆಯವನು ಮೊದಲೇ ಮಾರಿ ಗೆದ್ದನೆಂದು ರಾತ್ರಿಯೆಲ್ಲ ಹೊರಳಾಡುವುದು ಎರಡನೆಯದು. ಇದನ್ನು ಬೇರೆಯವರ ದುಃಖದ ಎದುರು ಉಪದೇಶವಾಗಿ ಹೇಳಬಾರದು, ತನ್ನ ಎದೆಗೆ ಮಾತ್ರ ಹೇಳಿಕೊಳ್ಳಬೇಕು.

ಒಬ್ಬರೇ ಓದುವುದಕ್ಕೆ ಒಂದು ಮಿತಿಯಿದೆ. ಮುಂಡಗೋಡದಲ್ಲಿ 1966ರಿಂದ ಟಿಬೆಟನ್ನರ ವಸಾಹತು ಇದೆ. ಟಿಬೆಟ್‌ನಲ್ಲಿ 1409ರಲ್ಲಿ ಸ್ಥಾಪನೆಯಾದ ಗಾಂದೆನ್ ಮತ್ತು 1416ರಲ್ಲಿ ಸ್ಥಾಪನೆಯಾದ ಡ್ರೆಪುಂಗ್ ಮಹಾವಿಹಾರಗಳು ಅಲ್ಲಿ ಮರಳಿ ನೆಲೆಗೊಂಡಿವೆ. ಅಲ್ಲಿಯ ಅಧ್ಯಯನವು ಪಾಲಿ ನಿಕಾಯಗಳಿಗಿಂತ ಭಿನ್ನವಾಗಿ ನಾಲಂದಾದ ಆಚಾರ್ಯರ ಶಾಸ್ತ್ರಗಳನ್ನು ಆಧರಿಸಿದೆಯೆಂಬುದು ತಿಳಿದಿರಲಿ. ನಿಂತು ಚಪ್ಪಾಳೆ ತಟ್ಟಿ ಪ್ರಶ್ನೆ ಎಸೆಯುವ ಭಿಕ್ಷುವನ್ನೂ ಕುಳಿತು ಉತ್ತರಿಸುವ ಭಿಕ್ಷುವನ್ನೂ ವಾದದ ಅಂಗಳದಲ್ಲಿ ಕಂಡವರಿಗೆ, ಗ್ರಂಥವನ್ನು ಪ್ರಶ್ನಿಸುವುದು ಶ್ರದ್ಧೆಗೆ ವಿರುದ್ಧವಲ್ಲವೆಂಬುದು ಯಾರೂ ಹೇಳದೆಯೇ ಮನದಟ್ಟಾಗುತ್ತದೆ. ಹೋಗುವ ಮೊದಲು ನಾಲಂದಾದ ಆಚಾರ್ಯ ಶಾಂತಿದೇವನ ಬೋಧಿಚರ್ಯಾವತಾರದ ಆರನೆಯ ಪರಿಚ್ಛೇದವನ್ನು, ಅಂದರೆ ಕ್ಷಾಂತಿಯ (ಸಹನೆಯ) ಕುರಿತ ಭಾಗವನ್ನು ಓದಿಕೊಂಡಿದ್ದರೆ ಎರಡೂ ಪರಂಪರೆಗಳ ನಡುವೆ ಮಾತಿಗೆ ಒಂದು ನೆಲೆ ಸಿಗುತ್ತದೆ. ಪ್ರಶ್ನೆಯನ್ನು ಬರೆದುಕೊಂಡೇ ಹೋಗಬೇಕು, ಮತ್ತು ಅದು ‘ನಿರ್ವಾಣ ಎಂದರೇನು’ ಎಂಬಷ್ಟು ದೊಡ್ಡದಾಗಿರದೆ, ಓದಿದ ಒಂದು ಸುತ್ತವನ್ನು ನಡೆಯಲ್ಲಿ ತರಲು ಹೋದಾಗ ಎಲ್ಲಿ ತಡೆಯುಂಟಾಯಿತೋ ಅಲ್ಲಿಂದಲೇ ಹುಟ್ಟಿದ್ದಾಗಿರಬೇಕು.